ಅಮ್ಮನ ಬಿಪಿ ಮಾತ್ರೆ ಎಲ್ಲಿ?

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಸ್ಕಿಜೋಫ್ರೇನಿಯಾದಂಥ ದೊಡ್ಡ ಮಾನಸಿಕ ಕಾಯಿಲೆ ಇರುವ ಮಗನೋ ಮಗಳೋ ಇದ್ದರೆ, ಮದುವೆ ಮನೆಯಲ್ಲಾಗಲಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಎಲ್ಲರೂ ಕೇಳುವುದು ಒಂದೇ, "ಈಗ ಹೇಗಿದ್ದಾನೆ?" ಅಪ್ಪ ಅಮ್ಮ ಹೇಗಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಇವತ್ತಿನ ಮಾತು ಅವರ ಬಗ್ಗೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬ ತಾಯಿ ನನಗೆ ಪರಿಚಯ. ಮಗ ರಾತ್ರಿ ಎದ್ದು ತೋಟದ ಕಡೆ ಹೋಗಿಬಿಡುತ್ತಾನೆ ಅಂತ ಬಾಗಿಲಿಗೆ ಅಡ್ಡ ಚಾಪೆ ಹಾಕಿ ಮಲಗುತ್ತಾರೆ. ಮಲಗುವುದು ಹೆಸರಿಗೆ ಮಾತ್ರ, ಚಿಲಕ ಸ್ವಲ್ಪ ಅಲುಗಿದರೂ ಎದ್ದು ಕೂರುತ್ತಾರೆ. ಬೆಳಿಗ್ಗೆಯಾದರೆ ಅವನು ಮಾತ್ರೆ ನುಂಗಿದನೋ, ಇಲ್ಲ ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ತೆಂಗಿನ ಬುಡಕ್ಕೆ ಉಗುಳಿದನೋ ಅಂತ ಹಿಂದೆಯೇ ತಿರುಗಬೇಕು. ಈ ನಡುವೆ ಅವರದ್ದೇ ಬಿಪಿ ಮಾತ್ರೆ ಮುಗಿದು ಎಷ್ಟೋ ದಿನವಾಗಿತ್ತು. ಕೇಳಿದರೆ, "ಅದು ಬಿಡಿ ಟೀಚರೇ, ಮೊದಲು ಇವನದ್ದು ಸರಿಯಾಗಲಿ" ಅಂದರು.

ಹಾಗೆ ಬಿಡುವಂತಿಲ್ಲ. ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ ಬರುತ್ತದೆ, ಅಲ್ವಾ? ಮನೆಯಲ್ಲಿ ಬೈಗುಳ, ಟೀಕೆ ಜಾಸ್ತಿಯಾದರೆ ಈ ಕಾಯಿಲೆ ಮರುಕಳಿಸುವುದೂ ಜಾಸ್ತಿ ಅಂತ ಲಂಡನ್ನಿನ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು 1950ರ ದಶಕದಲ್ಲಿ ಶುರುಮಾಡಿದ ಅಧ್ಯಯನಗಳಲ್ಲಿ ಗಮನಿಸಿದ್ದಾರೆ. ಅಂದರೆ ಅಮ್ಮನ ನಿದ್ದೆಯೂ ಮಗನ ಚಿಕಿತ್ಸೆಯ ಒಂದು ಭಾಗವೇ. ಆದರೆ ಕಾಯಿಲೆ ಬಂದದ್ದು ಸಾಕಿದ ರೀತಿಯಿಂದಲ್ಲ. ಒಂದು ಕಾಲದಲ್ಲಿ ಅಮೆರಿಕದ ಮನೋವೈದ್ಯರೇ ತಾಯಂದಿರ ಮೇಲೆ ಈ ತಪ್ಪು ಹೊರಿಸುತ್ತಿದ್ದರು, ಅವರೂ ಅದನ್ನು ಬಿಟ್ಟು ಬಹಳ ವರ್ಷವಾಯಿತು. ನಮ್ಮ ನೆಂಟರು ಮಾತ್ರ ಇನ್ನೂ ಬಿಟ್ಟಿಲ್ಲ! ಕೊಂಡಾಟ, ಮುದ್ದು ಜಾಸ್ತಿಯಾಯಿತು ಅನ್ನುತ್ತಾರೆ, ಇಲ್ಲದಿದ್ದರೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ಅನ್ನುತ್ತಾರೆ. ಇಡಿಸುವುದಾದರೆ ಇಡಿಸಿ, ನನ್ನ ತಕರಾರಿಲ್ಲ, ಔಷಧಿ ಮಾತ್ರ ನಿಲ್ಲಿಸಬೇಡಿ.

ಅಪ್ಪಂದಿರೇ, ಆಸ್ಪತ್ರೆಯ ದುಡ್ಡು ಕೊಟ್ಟ ಕೂಡಲೇ ನಿಮ್ಮ ಕೆಲಸ ಮುಗಿಯಲಿಲ್ಲ. ವಾರದಲ್ಲಿ ಎರಡು ರಾತ್ರಿಯಾದರೂ ಆ ಚಾಪೆಯಲ್ಲಿ ನೀವು ಮಲಗಿ, ಅಮ್ಮ ಒಳಗಿನ ಕೋಣೆಯಲ್ಲಿ ನಿದ್ದೆ ಮಾಡಲಿ. ಮಗ ರಾತ್ರಿ ಎದ್ದು ಹೋಗುವುದನ್ನು ಡಾಕ್ಟರಿಗೆ ಹೇಳಿ, ಬೇಕಾದರೆ ಅವರು ಔಷಧಿಯ ಹೊತ್ತು ಬದಲಾಯಿಸಬಹುದು. ಅವನನ್ನು ತೋರಿಸಲು ಹೋದ ದಿನವೇ ನಿಮ್ಮ ಬಿಪಿ, ಶುಗರ್ ಕೂಡ ನೋಡಿಸಿಕೊಂಡು ಬನ್ನಿ.

ಇನ್ನು, ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 2022ರಲ್ಲಿ ಶುರುವಾದದ್ದು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಮಲಯಾಳದಲ್ಲಿ ಹೊಟ್ಟೆಯೊಳಗಿನ ಸಂಕಟ ಹೇಳಿಕೊಳ್ಳಲು ಬಾರದವರು ನಮ್ಮಲ್ಲಿ ಬೇಕಾದಷ್ಟು ಜನ, ಅಂಥವರು ಕನ್ನಡ ಬೇಕು ಅಂತ ಕೇಳಿ. ಮಗನ ವಿಷಯಕ್ಕೇ ಮಾಡಬೇಕೆಂದಿಲ್ಲ. ನನಗೇ ಸಾಕಾಗಿ ಹೋಗಿದೆ ಅಂತ ಹೇಳಲೂ ಮಾಡಬಹುದು.

ನಮಸ್ಕಾರ.