ಉಸಿರಿಗೆ ನಾಲ್ಕು ಮಾತ್ರೆ

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯದ ಕಡೆ ರ‍್ಯಾಪ್ ಕಟ್ಟುವ ಹುಡುಗ ಹುಡುಗಿಯರಿಗೆ ಈಗ ಬರವಿಲ್ಲ. ಗೆಳೆಯರ ಜತೆ ನಾಲ್ಕಾರು ಹಾಡು ಬಿಟ್ಟ ಮೇಲೆ, ಒಬ್ಬರೇ ಒಂದು ಇಡೀ ಆಲ್ಬಂ ಮಾಡೋಣ ಅನ್ನಿಸುತ್ತದೆ. ತೊಡಕು ಶುರುವಾಗುವುದೂ ಅಲ್ಲೇ. ತಂಡದಲ್ಲಿ ಒಬ್ಬ ದಣಿದರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಇಲ್ಲಿ ಅರ್ಧ ಗಂಟೆ ಕೇಳಬೇಕಾದ್ದು ಒಂದೇ ಗಂಟಲು. ಅದಕ್ಕೇ ಮೈಕಿನ ರೇಟು ವಿಚಾರಿಸುವ ಮೊದಲು, ಬರೆದ ಸಾಲಿನಲ್ಲಿ ಉಸಿರಿಗೆ ಜಾಗ ಇದೆಯೇ ನೋಡಿಕೊಳ್ಳಬೇಕು.

ಒಂದು ಸಾಲು ತೆಗೆದುಕೊಳ್ಳಿ: "ಕಾವೇರಿ ನೀರು ನಾಲೆಗೆ ಬಂತು." ಶಾಲೆಯಲ್ಲಿ ಕಲಿತ ಲಘು ಗುರು ಹಾಕಿ. ಕಾವೇರಿ ಐದು ಮಾತ್ರೆ, ನೀರು ಮೂರು, ನಾಲೆಗೆ ನಾಲ್ಕು, ಬಂತು ಮೂರು. ಒಟ್ಟು 15. ಬೀಟು ಅಂದರೆ ಮಾತಿನ ಹಿಂದೆ ನುಡಿಯುವ ತಾಳ, ಸಂಗೀತ. ಅದರ ಒಂದು ಸುತ್ತು, ಬಾರ್, ಅಂದರೆ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕು ಮನೆ, 16 ಮನೆ. ಮನೆಗೊಂದು ಮಾತ್ರೆ ಕೂರಿಸಿದರೆ ಉಳಿಯುವುದು ಒಂದೇ ಮನೆ. ನಿಮಿಷಕ್ಕೆ 90 ಪೆಟ್ಟಿನ ಬೀಟಿನಲ್ಲಿ ಅದು ಸೆಕೆಂಡಿನ ಆರನೇ ಒಂದು ಪಾಲು. ಅಷ್ಟರಲ್ಲಿ ಉಸಿರು ಒಳಗೆ ಹೋಗುವುದಿಲ್ಲ. ಇಂಥ ಸಾಲು ಒಂದರ ಹಿಂದೊಂದು ಬಂದರೆ ತುದಿಯ ಅಕ್ಷರಗಳೆಲ್ಲ ಗಂಟಲಲ್ಲೇ ಉಳಿದುಬಿಡುತ್ತವೆ. "ಬಂತು" ತೆಗೆಯಿರಿ. ಕಾವೇರಿ ನೀರು ನಾಲೆಗೆ. 12 ಮಾತ್ರೆ, ನಾಲ್ಕು ಮನೆ ಖಾಲಿ. ಸೆಕೆಂಡಿನ ಮೂರನೇ ಎರಡು ಪಾಲು ಸಿಕ್ಕಿತು, ಸಾಕು.

"ಬಂತು" ಹೋದದ್ದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಬರ್ತೀನಿ, ಹೋಗ್ತೀನಿ, ನೋಡ್ತೀನಿ ಅಂತ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಅಂತ ಕೇಳುವವರಿಗೂ ಗೊತ್ತಾಗುತ್ತದೆ. ನಾಮಪದ ತುದಿಗೆ ಬಂದರೆ ನಾಲೆಗೆ, ಆಲೆಗೆ, ಶಾಲೆಗೆ ಅಂತ ಬೇರೆಯೇ ದಾರಿ ತೆರೆಯುತ್ತದೆ. ಹಳಗನ್ನಡದ ಕವಿಗಳು ಪ್ರಾಸ ಇಡುತ್ತಿದ್ದದ್ದು ಸಾಲಿನ ಎರಡನೇ ಅಕ್ಷರದಲ್ಲಿ. ಅದನ್ನು ಮೊದಲ ಪೆಟ್ಟಿನ ಹತ್ತಿರ ಬೀಳಿಸಿ ನೋಡಿ, ಸಾಲು ಶುರುವಾಗುತ್ತಲೇ ಕಿವಿ ನೆಟ್ಟಗಾಗುತ್ತದೆ. ಇನ್ನು ಆಡುಮಾತು. "ಬರುತ್ತಿದ್ದಾನೆ" ಅಂದರೆ ಎಂಟು ಮಾತ್ರೆ, ಮಂಡ್ಯದ "ಬತ್ತಾವ್ನೆ" ಐದೇ. ಊರ ಮಾತಿಗೆ ನಾಚುವವರು ಮೂರು ಮಾತ್ರೆ ಸುಮ್ಮನೆ ಕಳೆದುಕೊಳ್ಳುತ್ತಾರೆ.

ಮೊದಲ ಆಲ್ಬಂ ಉದ್ದ ಇರಬೇಕಾಗಿಲ್ಲ. ನ್ಯೂಯಾರ್ಕಿನ ರ‍್ಯಾಪರ್ ನಾಸ್ 1994ರಲ್ಲಿ ತಂದ 'ಇಲ್ಮ್ಯಾಟಿಕ್' ಆತನ ಮೊದಲ ಆಲ್ಬಂ. ಪೀಠಿಕೆಯೂ ಸೇರಿ ಅದರಲ್ಲಿ ಇರುವುದು 10 ತುಣುಕು, 40 ನಿಮಿಷವೂ ತುಂಬುವುದಿಲ್ಲ. ಎಂಟು ಹಾಡು ಸಾಕು. ಆದರೆ ಎಂಟೂ 90ರ ವೇಗದಲ್ಲಿ ಬೇಡ, ನಾಲ್ಕನೆಯದಕ್ಕೇ ಕಿವಿ ಸೋಲುತ್ತದೆ.

ಬೀಟಿನ ವಿಷಯ. 'ಫ್ರೀ' ಅಂತ ಬರೆದ ಬೀಟು ಬಹಳ ಸಲ ಹಣ ಮಾಡದ ಬಳಕೆಗೆ ಮಾತ್ರ ಫ್ರೀ. ಬಾಡಿಗೆ ಲೈಸೆನ್ಸ್ ಆದರೆ ಅದೇ ಬೀಟು ಇನ್ನೊಬ್ಬರಿಗೂ ಹೋಗಿರುತ್ತದೆ, ಎಷ್ಟು ಸಲ ಪ್ಲೇ ಆಗಬಹುದು ಅಂತ ಮಿತಿಯೂ ಇರಬಹುದು. ಹಳೆಯ ಸಿನಿಮಾ ಹಾಡಿನ ತುಣುಕು ಕತ್ತರಿಸಿ ಹಾಕುವ ಆಸೆ ಇದ್ದರೆ ಲೆಕ್ಕ ಹಾಕಿ: ಧ್ವನಿಮುದ್ರಣಕ್ಕೆ ಹಕ್ಕು ಇರುವುದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1980ರ ಹಾಡಿನ ಮುದ್ರಣವನ್ನು ಒಪ್ಪಿಗೆ ಇಲ್ಲದೆ 2040 ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಅದರ ಬದಲು ಕಂಸಾಳೆಯವರನ್ನು ಕರೆಸಿ, ಸಂಭಾವನೆ ಕೊಟ್ಟು, ಒಪ್ಪಿಗೆ ಬರಹದಲ್ಲಿ ಪಡೆದು ನೀವೇ ಮುದ್ರಿಸಿಕೊಳ್ಳಿ. ಮೈಕು ನಾಲ್ಕೈದು ಅಡಿ ದೂರ ಇರಲಿ. ಕಂಚಿನ ಪೆಟ್ಟು ಹತ್ತಿರದಿಂದ ಹೊಡೆದರೆ ದನಿ ಒಡೆಯುತ್ತದೆ. ಕಂಸಾಳೆಯ ಕಿಣಿಕಿಣಿ, ಬೀಟಿನಲ್ಲಿ ಟಿಕ್ ಟಿಕ್ ಅನ್ನುವ ಹೈಹ್ಯಾಟ್ ತಾಳ, ನಿಮ್ಮ ಸ, ಶ ಅಕ್ಷರಗಳು, ಮೂರೂ ಮೇಲಿನ ಸ್ಥಾಯಿಯ ಒಂದೇ ಪಟ್ಟಿಯಲ್ಲಿ ಕಿತ್ತಾಡುತ್ತವೆ. ಕಂಸಾಳೆ ಬಂದಾಗ ಹೈಹ್ಯಾಟ್ ತೆಗೆದುಬಿಡುವುದು ಒಳ್ಳೆಯದು.

ಕೋಣೆಗೆ ಮೊಟ್ಟೆ ಟ್ರೇ ಅಂಟಿಸುವುದು ದಂಡ. ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿ ಎರಡು ಮಡಿಕೆ ಮಾಡಿ ನೇತುಹಾಕಿ, ಯಾಕೆಂದರೆ ಮೈಕಿನ ಮುಖ ಇರುವುದು ಆ ಕಡೆಗೆ. ಫ್ಯಾನ್ ಆರಿಸಿ. ಬಾಯಿಗೂ ಮೈಕಿಗೂ ಮುಕ್ಕಾಲು ಗೇಣು ಅಂತರ, ನಡುವೆ ಉಸಿರಿನ ಗುದ್ದು ತಡೆಯುವ ಜಾಲರಿ, ಪಾಪ್ ಫಿಲ್ಟರ್. ಆದರೂ ಪ, ಬ, ಭ ಗುದ್ದಿದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. 24 ಬಿಟ್‌ನಲ್ಲಿ ಮುದ್ರಿಸಿ, ಎಷ್ಟು ಕೂಗಿದರೂ ಮೀಟರು ಮೈನಸ್ 10 ಡೆಸಿಬಲ್ ದಾಟದಿರಲಿ. ಕಾಲಿಟ್ಟ ಜಾಗಕ್ಕೆ, ಮೈಕ್ ಸ್ಟ್ಯಾಂಡಿನ ಕಾಲಿಗೆ ನೆಲದ ಮೇಲೆ ಟೇಪ್ ಅಂಟಿಸಿ. ಎಂಟು ಹಾಡು ಮುಗಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಂತ ಜಾಗ ಬದಲಾದರೆ ಒಂದೇ ದನಿ ಎರಡು ಊರಿಂದ ಬಂದ ಹಾಗೆ ಕೇಳುತ್ತದೆ, ಆಮೇಲೆ ದನಿ, ಬೀಟು ಬೆರೆಸುವ ಮಿಕ್ಸಿಂಗ್‌ನಲ್ಲಿ ಅದು ಸರಿಹೋಗುವುದಿಲ್ಲ.

ಮಿಕ್ಸ್ ಆದದ್ದನ್ನು ಹೆಡ್‌ಫೋನಿನಲ್ಲಷ್ಟೇ ಕೇಳಿ ಒಪ್ಪಬೇಡಿ. 50 ಹರ್ಟ್ಸ್‌ನ ಬೇಸ್ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬರುವುದೇ ಇಲ್ಲ, ಹಾಡು ಬೋಳಾಗಿ ಕೇಳುತ್ತದೆ. ಬೇಸಿಗೆ ಸ್ವಲ್ಪ ಸ್ಯಾಚುರೇಶನ್, ಅಂದರೆ ದನಿಯನ್ನು ತುಸು ಒರಟು ಮಾಡುವ ಪರಿಣಾಮ, ಕೊಟ್ಟರೆ ಅದರ ಮೇಲಿನ ಸ್ವರಗಳು (ಹಾರ್ಮೋನಿಕ್ಸ್) ಹುಟ್ಟಿ ಅದು ಇದೆ ಅನ್ನಿಸುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರಿನಲ್ಲೂ ಒಮ್ಮೆ ಹಾಕಿಸಿ. ಇಂಜಿನ್ ಸದ್ದಿನ ಮೇಲೂ ಮಾತು ತಿಳಿದರೆ ದನಿಯ ಮಟ್ಟ ಸರಿಯಾಗಿದೆ ಅಂತ ಲೆಕ್ಕ.

ಬಿಡುಗಡೆಗೆ ಮೂರ್ನಾಲ್ಕು ವಾರ ಮೊದಲೇ ಹಾಡನ್ನು ಆನ್‌ಲೈನ್ ಆ್ಯಪ್‌ಗಳಿಗೆ ಸೇರಿಸುವ ವಿತರಕರಿಗೆ ಕಳಿಸಿ. ಮುಖಪುಟ ಚಿತ್ರ 3000ಕ್ಕೆ 3000 ಪಿಕ್ಸೆಲ್. ಪ್ರತಿ ಹಾಡಿಗೂ ಅಕ್ಷರ, ಅಂಕಿ ಸೇರಿ 12 ಸ್ಥಾನದ, ಆ ಮುದ್ರಣದ ಗುರುತಾದ ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಸಾಹಿತ್ಯ ಯಾರದು, ಬೀಟು ಯಾರದು, ಯಾರಿಗೆ ನೂರಕ್ಕೆ ಎಷ್ಟು ಅನ್ನುವುದನ್ನು ಅಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ನಿಮ್ಮ ರ‍್ಯಾಪ್ ಹೆಸರಿನ ಸ್ಪೆಲ್ಲಿಂಗ್ ಎಂಟು ಹಾಡಿಗೂ ಒಂದೇ ಇರಲಿ. ಒಂದಕ್ಷರ ತಪ್ಪಿದರೂ ಆ ಹಾಡು ಇನ್ಯಾರದೋ ಪುಟಕ್ಕೆ ಹೋಗಿ ಕೂರಬಹುದು.

ನಮಸ್ಕಾರ.