ಪ್ರೆಶರ್ ನಾರ್ಮಲ್, ಫೋಟೋದಲ್ಲಿ ಗ್ಲಾಕೋಮಾ: ಏನಿದು ಲೆಕ್ಕ?

ನಮಸ್ಕಾರ. ಪ್ರಶ್ನೆ ತಿಪಟೂರಿಂದ ಬಂದಿದೆ. ಕ್ಯಾಂಪ್‌ನಲ್ಲಿ ಕಣ್ಣಿನ ಪ್ರೆಶರ್ 16, ಅಂದ್ರೆ ನಾರ್ಮಲ್ ಮಿತಿ 21ರ ಒಳಗೇ. ಆದ್ರೂ ಕಣ್ಣಿನೊಳಗಿನ ಫೋಟೋ ನೋಡಿದವರು ‘ಗ್ಲಾಕೋಮಾ ಅನುಮಾನ’ ಅಂತ ಚೀಟಿ ಬರೆದಿದ್ದಾರೆ. ಗ್ಲಾಕೋಮಾ ಅಂದ್ರೆ ಕಣ್ಣಿಂದ ಮೆದುಳಿಗೆ ಹೋಗೋ ನರ ಸವೆಯೋ ರೋಗ.

ಪ್ರೆಶರ್ ಬೆಳಿಗ್ಗೆ ಒಂದು, ಸಂಜೆ ಒಂದು ಇರತ್ತೆ. ನಾರ್ಮಲ್ ಪ್ರೆಶರ್‌ನಲ್ಲೇ ನರ ಸಾಯೋ ಕಣ್ಣುಗಳೂ ಇವೆ. ಅದಕ್ಕೇ ನೇರ ನರವನ್ನೇ ನೋಡೋದು. ಫೋಟೋದಲ್ಲಿ ಕಿತ್ತಳೆ ಬಣ್ಣದ ನಡುವೆ ತಿಳಿ ಹಳದಿ ಬಿಲ್ಲೆ ಕಾಣತ್ತಲ್ಲ, ಅದು ಡಿಸ್ಕ್. ಅಗಲ ಸುಮಾರು ಒಂದೂಮುಕ್ಕಾಲು ಮಿಲಿಮೀಟರ್. ಹತ್ತತ್ರ 10 ಲಕ್ಷ ನರದ ಎಳೆಗಳು ಕಣ್ಣಿಂದಾಚೆ ಹೋಗೋದು ಆ ಒಂದೇ ಕಿಂಡೀಲಿ.

(ತೆರೆಯ ಮೇಲೆ: ತಟ್ಟೆ ಇಡ್ಲಿ, ಮೇಲಿಂದ)

ಈಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಗೊಳ್ಳಿ. ನಡುವೆ ಚಮಚದ ಬೆನ್ನಲ್ಲಿ ಒತ್ತಿ ಗುಳಿ ಮಾಡಿ, ಬೆಣ್ಣೆ ಇಡಿ. ಸುತ್ತ ಉಳಿದ ಅಂಚು ಬದುಕಿರೋ ನರ, ಗುಳಿ ‘ಕಪ್’. ಇಡ್ಲಿಯನ್ನ ಮೇಲಿಂದ ಕೆಳಕ್ಕೆ 10 ಪಾಲು ಮಾಡಿದ್ರೆ ಗುಳಿ 3-4 ಪಾಲು ಇರೋದು ಸಾಮಾನ್ಯ. ರಿಪೋರ್ಟ್‌ನಲ್ಲಿ 0.3, 0.4 ಅಂತಿರತ್ತೆ. 0.7 ಆದ್ರೆ ಅನುಮಾನ. ಎರಡು ಕಣ್ಣಿನ ನಡುವೆ 0.2 ವ್ಯತ್ಯಾಸ ಬಂದ್ರೂ ಅನುಮಾನ. ಅಡ್ಡಡ್ಡ ಅಳೀಬೇಡಿ, ಯಾಕಂದ್ರೆ ನರ ಮೊದಲು ಸವೆಯೋದು ಕೆಳಗೆ, ಆಮೇಲೆ ಮೇಲೆ. ಸಾಮಾನ್ಯವಾಗಿ ಕೆಳ ಅಂಚೇ ಎಲ್ಲಕ್ಕಿಂತ ದಪ್ಪ. ಅಲ್ಲೇ ಇಲಿ ಕಚ್ಚಿದ ಹಾಗೆ ಕಂಡ್ರೆ (ಹೋಟೆಲಿನವರು ಕ್ಷಮಿಸಿ) 0.5 ಇದ್ರೂ ಬಿಡೋ ಹಾಗಿಲ್ಲ.

ಇನ್ನೊಂದು ಮೋಸ ಇದೆ. ಕೆಲವರ ಡಿಸ್ಕ್ ಹುಟ್ಟಿನಿಂದಲೇ ದೊಡ್ಡದು. ಎಳೆಗಳು ಅಷ್ಟೇ, ಜಾಗ ಜಾಸ್ತಿ, ಹಾಗಾಗಿ ಗುಳಿ ದೊಡ್ಡದಾಗಿ ಕಾಣತ್ತೆ, ರೋಗ ಇರಲ್ಲ. ಬಟನ್ ಇಡ್ಲಿಯಂಥ ಸಣ್ಣ ಡಿಸ್ಕ್‌ನಲ್ಲಿ 0.5 ಕೂಡ ಕೆಟ್ಟ ಸುದ್ದಿ ಆಗಬಹುದು. ಡಿಸ್ಕ್ ಅಳತೆ ಬರೆಯದೆ ಬರೀ 0.6 ಅಂತ ಗೀಚಿದ ರಿಪೋರ್ಟ್ ಅರ್ಧ ರಿಪೋರ್ಟ್.

ಫೋಟೋ ತೆಗೆಯೋರಿಗೆ: ಪಾಪೆ ಅಗಲಿಸೋ ಔಷಧಿ ಹಾಕದೆ ತೆಗೆಯೋದಾದ್ರೆ ಕತ್ತಲೆ ಕೋಣೇಲಿ ಐದು ನಿಮಿಷ ಕೂರಿಸಿ. ಫ್ಲಾಶ್‌ಗೆ ಪಾಪೆ ಮುದುಡತ್ತೆ, ಇನ್ನೊಂದು ಕಣ್ಣಿಗೆ ಮುಂಚೆ ಸ್ವಲ್ಪ ಕಾಯಿರಿ. ಪಾಪೆ ಸಣ್ಣದಿದ್ರೆ ಅಂಚಲ್ಲಿ ಕಪ್ಪು ನೆರಳು. ಪೊರೆ ಇದ್ರೆ ಎಲ್ಲಾ ಮಂಜು. ಎಲ್ಲರ ಫೋಟೋದಲ್ಲೂ ಒಂದೇ ಜಾಗದಲ್ಲಿ ಕಲೆ ಬರ್ತಿದ್ರೆ ಲೆನ್ಸ್ ಒರೆಸಿ, ಅದು ಯಾರ ರೋಗಾನೂ ಅಲ್ಲ. ಪಾಪೆ ಅಗಲಿಸೋ ಡ್ರಾಪ್ಸ್ ಹಾಕೋ ಮುಂಚೆ ಕಣ್ಣಿನ ಕೋನ, ಅಂದ್ರೆ ಕಣ್ಣೊಳಗಿನ ನೀರು ಹೊರಹೋಗೋ ಸಂದಿ, ಕಿರಿದಾಗಿದೆಯಾ ನೋಡಬೇಕು. ಇಲ್ಲಾಂದ್ರೆ ಪ್ರೆಶರ್ ದಿಢೀರ್ ಏರಬಹುದು.

ಟೈಮ್ ಮುಗೀತಾ ಬಂತು, ಉಳಿದದ್ದು ಬೇಗ ಬೇಗ. ಹಸಿರು ಬೆಳಕಿನ ಫೋಟೋದಲ್ಲಿ ಡಿಸ್ಕ್‌ನಿಂದ ಬೀಸಣಿಗೆ ಥರ ಕಪ್ಪು ಪಟ್ಟಿ ಹರಡಿದ್ರೆ ಅಲ್ಲಿ ಎಳೆಗಳು ಹೋಗಿವೆ. ಓಸಿಟಿ ಮಷೀನ್ (ಬೆಳಕಿನಿಂದ ಕಣ್ಣಿನ ಪದರಗಳನ್ನ ಸ್ಕ್ಯಾನ್ ಮಾಡೋದು) ಡಿಸ್ಕ್ ಸುತ್ತ ಸುಮಾರು 3.4 ಮಿಲಿಮೀಟರ್ ಅಗಲದ ವೃತ್ತದಲ್ಲಿ ಆ ಎಳೆಗಳ ಪದರದ ದಪ್ಪವನ್ನ ಮೈಕ್ರಾನ್‌ನಲ್ಲಿ ಹೇಳತ್ತೆ. ಕನ್ನಡಕದ ಮೈನಸ್ ನಂಬರ್ ಜಾಸ್ತಿ ಇದ್ದೋರಿಗೆ ರೋಗ ಇಲ್ದೆನೂ ಕೆಂಪು, ಅಂದ್ರೆ ‘ಪದರ ತೆಳು’ ಅಂತ, ತೋರಿಸಬಹುದು, ಗಾಬರಿ ಬೇಡ. ತಿಪಟೂರಿನವರು ಮುಂದೆ ಮಾಡಿಸಬೇಕಾದ್ದು ಈ ಓಸಿಟಿ, ಜೊತೆಗೆ ಫೀಲ್ಡ್ ಟೆಸ್ಟ್, ಅಂದ್ರೆ ಸುತ್ತಮುತ್ತ ಎಷ್ಟು ಕಾಣತ್ತೆ ಅನ್ನೋ ಪರೀಕ್ಷೆ.

ಹಾಂ, ಆ ಫೋಟೋದ ಮೂಲ ಫೈಲ್ ಕೇಳಿ ಇಟ್ಕೊಳ್ಳಿ, ಮುಂದಿನ ವರ್ಷದ್ದಕ್ಕೆ ಹೋಲಿಸೋಕೆ ಬೇಕು. ವಾಟ್ಸಾಪ್‌ನಲ್ಲಿ ತರಿಸಿಕೊಂಡ್ರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಕುಗ್ಗಿಸಿದ ಫೋಟೋದಲ್ಲಿ ಡಿಸ್ಕ್ ಅಂಚಿನ ಕೂದಲೆಳೆಯಂಥ ರಕ್ತದ ಗೆರೆ, ಅದೂ ಈ ರೋಗದ ಸುಳಿವೇ, ಅಳಿಸಿಹೋಗತ್ತೆ.