ಬಿಸಿಲು ಬಡಿದಾಗ ಮೊದಲು ನೀರು, ಆಮೇಲೆ ಗಾಡಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಬಿಸಿಲು ಬಡಿದು ಪ್ರಜ್ಞೆ ತಪ್ಪಿದವರ ಮಿದುಳನ್ನು, ಸೂಜಿ ನಳಿಕೆಗಳ ಗೊಡವೆಯಿಲ್ಲದೆ, ಹೊರಗಿನಿಂದಲೇ ತಂಪಾಗಿಸುವ ಬಗೆಯನ್ನು ಹೇಳಲು ಬಂದಿದ್ದೇನೆ. ಹೇಳಬೇಕಾದದ್ದು ಒಂದೇ: ಮಿದುಳು ತಣ್ಣಗಾಗಬೇಕಾದರೆ ಮೈಯೆಲ್ಲ ತಣ್ಣಗಾಗಬೇಕು, ಆ ಕೆಲಸ ರೋಗಿ ಬಿದ್ದ ಜಾಗದಲ್ಲೇ ಶುರುವಾಗಬೇಕು.

ಹಣೆಗೆ ಒದ್ದೆ ಬಟ್ಟೆ ಕಟ್ಟಿ ಗಾಡಿಗೆ ಹಾಕುವುದು ನಮ್ಮಲ್ಲಿ ರೂಢಿ. ಆ ತಂಪು ದೊಡ್ಡವರ ಮಿದುಳಿನ ಒಳಭಾಗವನ್ನು ಮುಟ್ಟುವುದಿಲ್ಲ. ಕೂದಲು, ಚರ್ಮ, ತಲೆಬುರುಡೆಗಳು ಅಡ್ಡವಿರುತ್ತವೆ; ಒಳಗೆ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ಬಿಸಿ ರಕ್ತ ಹರಿಯುತ್ತಲೇ ಇರುತ್ತದೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿರುವ ಮಿದುಳು, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲನ್ನು ಬಳಸಿ ಶಾಖ ಹುಟ್ಟಿಸುತ್ತದೆ. ಆ ಶಾಖವನ್ನು ಹೊತ್ತೊಯ್ಯುವುದು ರಕ್ತ. ರಕ್ತ ತಂಪಾಗುವುದು ಇಡೀ ಮೈಯ ಚರ್ಮದಲ್ಲಿ.

ನಾನು ಕಲಬುರಗಿ ಸೀಮೆಯಲ್ಲಿ ಎಳೆಯ ವೈದ್ಯನಾಗಿದ್ದಾಗ, ಒಂದು ಮೇ ತಿಂಗಳ ಮಧ್ಯಾಹ್ನ, ಶಹಾಬಾದ್ ಕಲ್ಲಿನ ಗಣಿಯ ಕಾರ್ಮಿಕನೊಬ್ಬನನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತಂದರು. ಗಣಿಯಲ್ಲಿ ತೊದಲುತ್ತ, ಹೆಂಡತಿಯನ್ನೂ ಗುರುತಿಸದೆ ಬಿದ್ದಿದ್ದನಂತೆ. ನಮ್ಮೆದುರು ಬಂದಾಗ ಆತ ತನ್ನ ಹೆಸರನ್ನು ತಾನೇ ಹೇಳಿದ. ಜೊತೆಯಲ್ಲಿದ್ದ ಅವನ ಅತ್ತೆ, ಹೊರಡುವ ಮೊದಲೇ ಅವನ ಅಂಗಿ ಬಿಚ್ಚಿಸಿ, ಎರಡು ಕೊಡ ನೀರು ಸುರಿದು, ತೆಳುವಾದ ಹಳೆಯ ಸೀರೆಯೊಂದನ್ನು ಹೊದಿಸಿ, ಉಳಿದ ಕೊಡಗಳನ್ನು ಟ್ರೇಲರಿಗೇ ಏರಿಸಿಕೊಂಡು ದಾರಿಯುದ್ದಕ್ಕೂ ಸೀರೆ ಒಣಗದಂತೆ ನೀರು ಚಿಮುಕಿಸುತ್ತ ಬಂದಿದ್ದರು. ಗಾಡಿ ಓಡುವ ಗಾಳಿ ಮಿಕ್ಕ ಕೆಲಸ ಮಾಡಿತ್ತು. ಇದನ್ನು ನಿಮಗೆ ಕಲಿಸಿದವರು ಯಾರೆಂದು ಕೇಳಿದೆ. "ಗಡಿಗಿ ನೀರು ಗಾಳಿಗಿ ತಣ್ಣಗಾಗ್ತದ, ಮನಷ್ಯಾ ಆಗಲ್ಲೇನ್ರಿ ಸಾಹೇಬ್ರ?" ಎಂದರು. ನಾನು ಪುಸ್ತಕದಲ್ಲಿ ಓದಿ ಬರೆದ ಉತ್ತರಕ್ಕಿಂತ ಅದು ಸ್ಪಷ್ಟವಾಗಿತ್ತು. ಒಂದು ಲೀಟರ್ ನೀರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ಅದೇ 20 ಡಿಗ್ರಿಯ ನೀರು ಆವಿಯಾಗದೆ ಮೈಬಿಸಿಗೆ ಬೆಚ್ಚಗಾಗಿ ಕೆಳಗೆ ಹರಿದುಹೋದರೆ ಹೋಗುವುದು 17 ಮಾತ್ರ. ಆದ್ದರಿಂದ ನೀರಿನಷ್ಟೇ ಗಾಳಿಯೂ ಬೇಕು: ಫ್ಯಾನು, ಬೀಸಣಿಗೆ, ಮೊರ, ಯಾವುದಾದರೂ ಸರಿ.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮಂಗಳೂರು, ಕಾರವಾರಗಳ ತೇವದ ಹವೆಯಲ್ಲಿ ನೀರು ಸುಲಭವಾಗಿ ಆವಿಯಾಗುವುದಿಲ್ಲ. ಅಲ್ಲಿ ಟಾರ್ಪಾಲನ್ನು ತೊಟ್ಟಿಲಿನಂತೆ ನಾಲ್ವರು ಹಿಡಿದು, ರೋಗಿಯ ಮುಖವನ್ನು ನೀರಿನ ಮೇಲಿಟ್ಟು, ಐಸ್ ಬೆರೆಸಿದ ನೀರಿನಲ್ಲಿ ಮೈ ಮುಳುಗಿಸಬೇಕು. ಇದು ಸಾಮಾನ್ಯ ಜ್ವರವಲ್ಲವಾದ್ದರಿಂದ ಪ್ಯಾರಾಸಿಟಮಾಲ್ ಮಾತ್ರೆಯಿಂದ ಉಪಯೋಗವಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು. ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗ ಇನ್ನೊಬ್ಬರು ನೀರು ಸುರಿಯುತ್ತಿರಬೇಕು. ಆಂಬುಲೆನ್ಸ್ ಬಾಗಿಲಿಗೆ ಬಂದ ಮೇಲೂ ಒದ್ದೆ ಬಟ್ಟೆಯನ್ನು ತೆಗೆಯಬೇಡಿ. ನಮಸ್ಕಾರ.